ಕ್ಯಾನಿನ ಜಾಗದಲ್ಲೊಂದು ಕಲ್ಲು

ಆಷಾಢದ ಗಾಳಿಗೆ ನಮ್ಮ ಶಿಕಾರಿಪುರದಲ್ಲಿ ಎರಡು ಚಟ. ಒಣಹಾಕಿದ ಬಟ್ಟೆಯನ್ನು ಪಕ್ಕದ ಮನೆಯವರ ತಾರಸಿಗೆ ಒಯ್ದು ಹಾಕುವುದು ಒಂದು, ತೆರೆದ ಬಾಗಿಲು ಕಂಡರೆ ಎಳೆದು ಬಡಿಯುವುದು ಇನ್ನೊಂದು. ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ, ನಮ್ಮ ಮುಂಬಾಗಿಲು ಧಡ್ಡನೆ ಬಡಿದುಕೊಂಡಿತು. ಎದುರಿಗೆ ನೋಟ್‌ಬುಕ್ಕು ಬಿಚ್ಚಿಕೊಂಡು ಕೂತಿದ್ದ ಆಫ್ರೀನ್ ಬೆಚ್ಚಿಬಿದ್ದಳು. ನಾನು ಬೆಚ್ಚಲಿಲ್ಲ. ಆದರೆ ಮನೆಯಲ್ಲಿ ಏನೋ ಇಲ್ಲ, ಏನೋ ಇಲ್ಲ ಅಂತ ಒಂದು ತಿಂಗಳಿಂದ ಅನ್ನಿಸುತ್ತಿತ್ತಲ್ಲ, ಅದೇನೆಂದು ಆಗ ಗೊತ್ತಾಯಿತು. ಈ ಮನೆಗೆ ಬಂದಾಗಿನಿಂದ ಆ ಬಾಗಿಲು ಒಮ್ಮೆಯೂ ಬಡಿದದ್ದಿಲ್ಲ ಮಾರಾಯರೇ. ಅದಕ್ಕೆ ಒತ್ತಾಗಿ ಒಂದು ಕಲ್ಲು ಇಟ್ಟಿದ್ದೆ.

ಹೋದ ತಿಂಗಳು ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಟೈಲ್ಸ್ ಬಂದ ದಿನದಿಂದ ನಮ್ಮ ಮನೆಯವರು ಅದರ ಮೇಲೆ ಪರರ ಮನೆಗೆ ಬಂದವರ ಹಾಗೆ ನಡೆಯುತ್ತಾರೆ. "ಇಷ್ಟ್ ಛಂದ ನೆಲದ ಮ್ಯಾಲೆ ಆ ಹಳ್ಳದ ಕಲ್ಲು ಯಾಕೆ? ಗೀರು ಬೀಳ್ತೈತೆ, ಹೊರಗ್ ಇಡು" ಎಂದರು. ನಾನೂ ಹೂಂ ಎಂದೆ. ಹೊಸತು ಬಂದಾಗ ಹಳತರ ಪರವಾಗಿ ಬಾಯಿ ಬಿಡುವ ಧೈರ್ಯ ನನಗೆ ಯಾವತ್ತೂ ಕಡಿಮೆ. ಕಲ್ಲು ಹಿತ್ತಲ ನಲ್ಲಿಯ ಪಕ್ಕಕ್ಕೆ ಹೋಯಿತು. ಅದರ ಬದಲಿಗೆ ಅವರು ಪೇಟೆಯಿಂದ ಒಂದು ರಬ್ಬರಿನ ಬೆಣೆ ತಂದರು. ಆಷಾಢದ ಮೊದಲ ಗಾಳಿಗೇ ಆ ಬೆಣೆ ಸೋಫಾದ ಕೆಳಗೆ ಹೋಗಿ ಅಡಗಿ ಕೂತಿದೆ.

ಆಫ್ರೀನ್ ನಮ್ಮ ಎದುರು ಮನೆಯ ಬಳೆ ಅಂಗಡಿಯವರ ಮಗಳು, ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಚರ್ಚಾಸ್ಪರ್ಧೆಯಂತೆ. ವಿಷಯ, 'ಸಣ್ಣ ದೇಶವೊಂದಕ್ಕೆ ಪ್ರಾದೇಶಿಕ ಒಕ್ಕೂಟದ ಸದಸ್ಯತ್ವದಿಂದ ಆಗುವ ಪ್ರಯೋಜನಗಳು'. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ಹಬ್ಬ. ಮದುವೆ ಮನೆಯ ಬಡಿಸುವವರ ಹಾಗೆ, ಬೇಕೋ ಬೇಡವೋ ಕೇಳದೆ ಬಡಿಸಿಬಿಡುತ್ತೇನೆ. "ಬರ್ಕೋ" ಎಂದು ಕಣ್ಣುಮುಚ್ಚಿ ಶುರುಮಾಡಿದೆ. "ಸಣ್ಣ ದೇಶವು ದೊಡ್ಡ ಒಕ್ಕೂಟದಲ್ಲಿ ವಿಲೀನವಾಗುವುದರಿಂದ ಅದಕ್ಕೆ ವಿಶಾಲವಾದ ಮಾರುಕಟ್ಟೆ ದೊರೆಯುತ್ತದೆ. ಗಡಿಯಲ್ಲಿ ಸುಂಕದ ತೊಂದರೆ ತಪ್ಪುತ್ತದೆ. ಕಷ್ಟಕಾಲದಲ್ಲಿ ನೆರವು ಸಿಗುತ್ತದೆ..." ಹುಡುಗಿ ಬರೆದಳು. ಐದು ಪಾಯಿಂಟಿಗೆ ಪೆನ್ನು ಕೆಳಗಿಟ್ಟಳು.

"ಮೇಡಂ, ಬೇಜಾರ್ ಮಾಡ್ಕೋಬೇಡ್ರಿ. ಇವೆಲ್ಲ ಪುಸ್ತಕದಾಗೂ ಅದಾವು. ನಿಜವಾಗ್ಲೂ ಸಣ್ಣೋರಿಗೆ ಏನ್ ಸಿಗ್ತೈತೆ? ದೊಡ್ಡೋರು ನುಂಗಿ ಹಾಕಲ್ವಾ?"

ಮೂಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ಹಂಗ್ ಕೇಳು!" ಎಂದರು. ಅವರು ಈಸೂರಿನ ಕಡೆಯವರು. ಬ್ರಿಟಿಷರ ಕಾಲದಲ್ಲಿ ತಮ್ಮ ಊರೇ ಸ್ವತಂತ್ರ ಎಂದು ಸಾರಿ, ಅದಕ್ಕೆ ಪ್ರಾಣದ ಬೆಲೆ ಕೊಟ್ಟ ಊರು ಅದು. ಆ ಮಾತು ಬಂದರೆ ನನ್ನ ತಲೆಯೂ ಬಾಗುತ್ತದೆ. ಆದರೆ ನಮ್ಮ ಮನೆಯವರು ಆ ಮಾತನ್ನು ರೇಷನ್ ಅಂಗಡಿಯ ಸಾಲಿನಲ್ಲೂ ತರುತ್ತಾರೆ, ನಾನು ಸಾರಿಗೆ ಉಪ್ಪು ಕಡಿಮೆ ಹಾಕಿದಾಗಲೂ ತರುತ್ತಾರೆ. "ನಮ್ಮೂರು ಒಂದ್ ಕಾಲಕ್ಕೆ ದೇಶಾನೇ ಆಗಿತ್ತು. ಯಾರ ಒಕ್ಕೂಟಾನೂ ಬೇಕಾಗಿರ್ಲಿಲ್ಲ" ಎಂದು ಈಗಲೂ ಎಂದರು. ಆಗಲೇ ಬಾಗಿಲು ಬಡಿದದ್ದು.

ಆ ಸದ್ದಿಗೆ ನನಗೆ ಗೌರತ್ತೆ ನೆನಪಾದಳು. 'ದೊಡ್ಡೋರು ನುಂಗಿ ಹಾಕಲ್ವಾ' ಎಂಬಂಥ ಪ್ರಶ್ನೆಯನ್ನು ನನ್ನೆದುರು ಮೊದಲು ಎತ್ತಿದವಳು ಅವಳು. ಆಗಲೂ ನನ್ನ ಹತ್ತಿರ ಪುಸ್ತಕದ ಉತ್ತರವಷ್ಟೇ ಇತ್ತು.

ನನ್ನ ತವರು ಸೊರಬ ತಾಲೂಕಿನಲ್ಲಿ, ಹೊಸಬಾಳೆಯ ಕಡೆ. ಊರಿನ ಹೆಸರು ನೇರಲಹಕ್ಕಲು. ನೀವು ಕೇಳಿರುವುದಿಲ್ಲ, ಕೇಳಿದ್ದೇನೆ ಎಂದರೆ ನಾನು ನಂಬುವುದಿಲ್ಲ. ಒಟ್ಟು ಒಂಬತ್ತು ಮನೆ. ಊರಿಗಿಂತ ಹೆಸರೇ ಉದ್ದ. ಒಂದು ಹಳ್ಳ ದಾಟಿ ಮೈಲಿ ದೂರ ನಡೆದರೆ ಇನ್ನೂರು ಮನೆಯ ಊರು. ಅದಕ್ಕೂ ಸರಿಯಾದ ಹೆಸರಿದೆ, ನಾವು ಮಾತ್ರ ಅದನ್ನು ದೊಡ್ಡೂರು ಎಂದೇ ಕರೆಯುವುದು. ಬಸ್ಸು ನಿಲ್ಲುವುದು ಅಲ್ಲಿ, ಶಾಲೆ ಇರುವುದು ಅಲ್ಲಿ, ಹಿಟ್ಟಿನ ಗಿರಣಿ ಅಲ್ಲಿ. ನಮ್ಮಲ್ಲಿ ಇದ್ದದ್ದು ಎಮ್ಮೆ. ಮನೆಗೆ ಎರಡು ಮೂರರಂತೆ ಕರೀ ಮಿಂಚುವ ಎಮ್ಮೆಗಳು. ಅವುಗಳ ಪೈಕಿ ಹೆಸರುವಾಸಿಯಾದದ್ದು ಗೌರತ್ತೆಯ ಚಂದ್ರಿ.

ಗೌರತ್ತೆ ನಮ್ಮ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ತಮ್ಮನ ಮನೆಯಲ್ಲಿ ಕೂತು ಉಣ್ಣಲೊಲ್ಲೆ ಎಂದು ಊರ ತುದಿಯಲ್ಲಿ ಬೇರೆ ಒಲೆ ಹೂಡಿದಳು. ಅವಳ ಬದುಕೆಲ್ಲ ಚಂದ್ರಿಯ ಮೇಲೆ ನಿಂತಿತ್ತು. ಓದು ಬರಹ ಇರಲಿಲ್ಲ, ಬಾಯಿ ಮಾತ್ರ ಹೈಕೋರ್ಟು. ನಾನು ಆಗಷ್ಟೇ ಬಿ.ಇಡಿ. ಮುಗಿಸಿ ಊರಿಗೆ ಬಂದಿದ್ದೆ, ಪಾಠದ ಅಭ್ಯಾಸಕ್ಕೆಂದು ಡ್ರಾಯಿಂಗ್ ಹಾಳೆಯಲ್ಲಿ ಯುರೋಪಿನ ನಕ್ಷೆ ಬರೆಯುತ್ತಿದ್ದೆ. ಅತ್ತೆ ಬಂದು ಬಗ್ಗಿ ನೋಡಿದಳು.

"ಇದೆಂಥದೇ, ಸಾಸಿವೆ ಕಾಳಿನಷ್ಟು?"

"ಲಕ್ಸೆಂಬರ್ಗ್ ಅಂತ, ದೇಶ ಅತ್ತೆ."

"ಲಕ್ಷಂಬರ್ಗಿ? ಕಲಬುರ್ಗಿ ಹತ್ರನಾ?"

"ಅಲ್ಲ ಅತ್ತೆ, ಸಮುದ್ರದ ಆಚೆ."

"ಅಲ್ಲೂ ಬರ್ಗಿ ಐತಾ! ಮತ್ತೆ ಅದರ ಹೆಸರನ್ನ ಬೇಲಿ ಆಚೆ ಯಾಕೆ ಬರ್ದೀಯ?"

"ಒಳಗೆ ಜಾಗ ಸಾಲಲ್ಲ ಅತ್ತೆ. ಹೊರಗೆ ಬರೆದು ಗೀಟು ಎಳೀತಾರೆ."

ಅತ್ತೆ ಆ ಗೀಟಿನ ಮೇಲೆ ಬೆರಳಾಡಿಸಿದಳು. "ಹಂಗಾರೆ ನಮ್ಮೂರೇ ಬಿಡು" ಎಂದು ಎದ್ದು ಹೋದಳು.

ಅದೇ ವರ್ಷ ದೊಡ್ಡೂರಿನಲ್ಲಿ ಹಾಲಿನ ಡೈರಿ ಆಗುತ್ತದೆ ಎಂದು ಸುದ್ದಿ ಬಂತು. ಸುತ್ತಲಿನ ನಾಲ್ಕು ಊರು ಕೂಡಿದರೆ ಒಂದು ಸಂಘ, ಸಂಘವು ಹಾಲಿನ ಒಕ್ಕೂಟಕ್ಕೆ ಸೇರುತ್ತದೆ, ಬೆಳಗ್ಗೆ ಬೆಳಗ್ಗೆ ವ್ಯಾನು ಬಂದು ಹಾಲು ಒಯ್ಯುತ್ತದೆ. ಅದುವರೆಗೆ ನಮ್ಮೂರಿನ ಹಾಲಿಗೆ ಗಿರಾಕಿ ಎಂದರೆ ನಮ್ಮೂರೇ. ಉಳಿದದ್ದು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ವಾರಕ್ಕೊಮ್ಮೆ ಆನವಟ್ಟಿಯ ಸಂತೆಗೆ ಬಸ್ಸಿನಲ್ಲಿ ಹೋಗುತ್ತಿತ್ತು. ಬಸ್ಸಿನ ಜನ ಬೆಣ್ಣೆ ಗಡಿಗೆಗೆ ಸೀಟು ಬಿಟ್ಟುಕೊಟ್ಟು ಹೆಂಗಸರನ್ನು ನಿಲ್ಲಿಸುತ್ತಿದ್ದರು, ಯಾಕೆಂದರೆ ಗಡಿಗೆ ಬಿದ್ದರೆ ಎಲ್ಲರ ಪಂಚೆಯೂ ಹಾಳು. ಒಂಬತ್ತು ಮನೆಗೆಂದು ಯಾವ ವ್ಯಾನೂ ಹಳ್ಳ ದಾಟಿ ಬರುವುದಿಲ್ಲ. ಸೇರಿದರೆ ದೊಡ್ಡೂರಿನ ಜೊತೆ ಸೇರಬೇಕು, ಇಲ್ಲವಾದರೆ ಇಲ್ಲ.

ದೊಡ್ಡೂರಿನ ಕಡೆಯಿಂದ ಮಾತಾಡಲು ಬಂದವರು ಸಂಘದ ಸೆಕ್ರೆಟ್ರಿ ಬಸವರಾಜಪ್ಪನವರು. ತೆಳ್ಳಗೆ, ತಾವು ತುಳಿದು ಬಂದ ಸೈಕಲ್ಲಿನ ಹಾಗೇ ಇದ್ದರು. ನಮ್ಮೂರಿನ ಗಂಡಸರು ಹೂಂ ಹೂಂ ಎನ್ನುತ್ತಿದ್ದಾಗ ಗೌರತ್ತೆ ಬಾಗಿಲ ಮರೆಯಿಂದಲೇ ಶುರುಮಾಡಿದಳು. "ನಮ್ಮ ಎಮ್ಮೆ ಹಾಲಿಗೆ ನಿಮ್ಮ ಸೀಮೆಹಸಿನ ನೀರು ಬೆರ್ಸದಾ? ಒಂಬತ್ತು ಮನೆ ಹಾಲು ಇನ್ನೂರು ಮನೆ ಹಾಲಿನಾಗೆ ಬಿದ್ರೆ ನಮ್ದು ಎಲ್ಲೈತೆ ಅಂತ ಹುಡುಕದು?"

ಬಸವರಾಜಪ್ಪನವರು ನಕ್ಕರು. "ಗೌರಕ್ಕ, ನಿಮ್ ಹಾಲು ನಿಮ್ ಕ್ಯಾನ್‌ನಾಗೇ ಬರ್ಲಿ. ಯಾರ್ ಬೇಡ ಅಂದ್ರು?"

"ಕ್ಯಾನ್ ಮೇಲೆ ಊರ ಹೆಸರು?"

"ಬರಸಾಣ."

"ಡೈರಿ ಕಟ್ಟೆ ಮೇಲೆ ಸಾಲಾಗಿ ಇಡ್ತೀರಲ್ಲ, ಸಣ್ಣೂರು ಅಂತ ನಮ್ಮನ್ನ ಕೊನೇಗೆ ನಿಲ್ಲಿಸಬಾರ್ದು."

ಇದು ಮುಖ್ಯವಾದ ಮಾತು. ವ್ಯಾನಿನಲ್ಲಿ ಜಾಗ ಸಾಲದಿದ್ದರೆ ಸಾಲಿನ ಕೊನೆಯ ಕ್ಯಾನು ಬಿಸಿಲಿನಲ್ಲಿ ಉಳಿಯುತ್ತದೆ, ಮಧ್ಯಾಹ್ನಕ್ಕೆ ಹಾಲು ಒಡೆಯುತ್ತದೆ. ಬಸವರಾಜಪ್ಪನವರು ಯೋಚಿಸಿ, "ಚೀಟಿ ಎತ್ತಾಣ. ಚೀಟಿನಾಗೆ ಬಂದ ಜಾಗ ಖಾಯಂ. ಆದ್ರೆ ಒಂದು. ಮೂರು ದಿನ ಕ್ಯಾನ್ ಬರ್ಲಿಲ್ಲ ಅಂದ್ರೆ ಜಾಗ ಹೋತು, ಮುಂದಿನೋರು ಸರೀತಾರೆ. ಅದು ಎಲ್ಲರಿಗೂ ಒಂದೇ ಕಾನೂನು" ಎಂದರು. ಅತ್ತೆ ಒಪ್ಪಿದಳು. ಅವಳ ಪ್ರಕಾರ ಚಂದ್ರಿ ಇರುವ ತನಕ ಮೂರು ದಿನ ಹಾಲು ತಪ್ಪುವುದು ಸೂರ್ಯ ತಪ್ಪಿದ ಹಾಗೆ.

ಅರ್ಜಿ ಬರೆಯುವ ಕೆಲಸ ನನಗೆ ಬಂತು. ಹೊಸ ಬಿ.ಇಡಿ., ಕೈ ತುರಿಸುತ್ತಿತ್ತು. ಒಂದು ಇಡೀ ಹಾಳೆ ಬರೆದೆ. ಸಂಜೆ ನಮ್ಮೂರ ಕಟ್ಟೆಯ ಮೇಲೆ ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡು ಓದಿದೆ. "ನೇರಲಹಕ್ಕಲು ಗ್ರಾಮದ ಒಂಬತ್ತು ಕುಟುಂಬದವರಾದ ನಾವು ತಮ್ಮ ಸಂಘದಲ್ಲಿ ಸಂತೋಷದಿಂದ ವಿಲೀನವಾಗಲು..."

"ನಿಲ್ಸು" ಎಂದಳು ಅತ್ತೆ. "ವಿಲೀನ ಅಂದ್ರೆ ಎಂಥದು?"

"ಅಂದ್ರೆ... ಹಾಲಿನಾಗೆ ಸಕ್ರೆ ಕರಗ್ತದಲ್ಲ ಅತ್ತೆ, ಹಂಗೆ" ಎಂದೆ. ಉದಾಹರಣೆ ಕೊಟ್ಟು ವಿವರಿಸು ಎಂದು ನಮಗೆ ಕಲಿಸಿದ್ದರಲ್ಲ!

ಅತ್ತೆಯ ಮುಖ ಕೆಂಪಾಯಿತು. "ಕರಗಕ್ಕೆ ನಾವೇನು ಸಕ್ರೇನಾ? ಕರಗಿದ ಸಕ್ರೆನ ಯಾರಾದ್ರೂ ಹೆಸರು ಹಿಡಿದು ಕರೀತಾರೇನೆ? ಸೇರದು ಬೇರೆ, ಕರಗದು ಬೇರೆ. ಸೇರ್ತೀವಿ ಅಂತ ಬರಿ. ಹೊಡಿ ಅದನ್ನ!" ನಾನು ಒಂದು ಗೆರೆ ಎಳೆದೆ. ಅವಳಿಗೆ ಸಾಲಲಿಲ್ಲ. ಓದಲು ಬಾರದವಳು ಪೆನ್ನು ಕಿತ್ತುಕೊಂಡು, "ಇದೇನಾ? ಇದೇನಾ?" ಎಂದು ಬೆರಳಿಟ್ಟು ಕೇಳಿ, ಆ ಒಂದು ಪದದ ಮೇಲೆ ಹಾಳೆ ಹರಿಯುವ ಹಾಗೆ ಗೀಚಿದಳು. ಕೂತವರೆಲ್ಲ ನಕ್ಕರು. ನನಗೆ ಅಳು ಬಂತು. ಓದಿದವಳಿಗೆ ಓದದವಳು ತಿದ್ದುವುದು ಎಂದರೆ ಆ ವಯಸ್ಸಿನಲ್ಲಿ ದೊಡ್ಡ ಅವಮಾನ. ತೂತು ಬಿದ್ದ ಅರ್ಜಿಯೇ ದೊಡ್ಡೂರಿಗೆ ಹೋಯಿತು.

ಕ್ಯಾನಿನ ಮೇಲೆ ಹೆಸರು ಬರೆಯಲು ಆನವಟ್ಟಿಯಿಂದ ಪೇಂಟರ್ ಸಾಬರು ಬಂದರು. ದಪ್ಪ ದಪ್ಪ ನೀಲಿ ಅಕ್ಷರ ಬೇಕೆಂದು ಅತ್ತೆಯ ಅಪ್ಪಣೆ. ಸಾಬರು ಕ್ಯಾನನ್ನು ಸುತ್ತಿ ಸುತ್ತಿ ಬರೆದರು. ನೇ, ರ, ಲ, ಹ, ಕ್ಕ. ಅಷ್ಟರಲ್ಲಿ ಕ್ಯಾನು ಒಂದು ಸುತ್ತು ಮುಗಿದು ಮತ್ತೆ 'ನೇ' ಎದುರಾಯಿತು. "ಏನಮ್ಮಾ ಇದು, ಊರು ನೋಡಿದ್ರೆ ಮುಷ್ಟಿಯಷ್ಟು, ಹೆಸರು ಇಷ್ಟುದ್ದ ಇಟ್ಟೀರಿ!" ಎಂದು ತಲೆ ಕೆರೆದುಕೊಂಡರು. ಉಳಿದ 'ಲು' ಕ್ಯಾನಿನ ಕತ್ತಿನ ಮೇಲೆ ಹತ್ತಿ ಕೂತಿತು. ವ್ಯಾನಿನ ಡ್ರೈವರು ಕೊನೆಯ ತನಕ ಅದನ್ನು 'ಲುನೇರಲಹಕ್ಕ' ಎಂದೇ ಓದುತ್ತಿದ್ದನಂತೆ. ಚೀಟಿಯಲ್ಲಿ ನಮಗೆ ಹತ್ತು ಕ್ಯಾನುಗಳ ಸಾಲಿನಲ್ಲಿ ಮೂರನೆಯ ಜಾಗ ಬಂತು. ನಮಗಿಂತ ಮೊದಲು ದೊಡ್ಡೂರಿನ ಎರಡು ಕ್ಯಾನು, ನಮ್ಮ ನಂತರ ದೊಡ್ಡೂರಿನ ನಾಲ್ಕು, ಉಳಿದೆರಡು ಊರಿನ ಮೂರು. ಅತ್ತೆ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಹಾಲಿನ ಸತ್ವ ನೋಡಲು ಒಂದು ಗಾಜಿನ ಕೊಳವೆ ಮುಳುಗಿಸುತ್ತಾರೆ, ಅದು ತೋರಿಸುವ ಅಂಕಿಗೆ ನಮ್ಮ ಕಡೆ 'ಡಿಗ್ರಿ' ಎನ್ನುತ್ತಾರೆ. ನಮ್ಮ ಕ್ಯಾನಿಗೆ ದಿನವೂ ಒಳ್ಳೆಯ ಡಿಗ್ರಿ. ನೆಂಟರು ಯಾರೋ, "ಗೌರಮ್ಮ, ನಿಮ್ ತಮ್ಮನ ಮಗಳಿಗೆ ಡಿಗ್ರಿ ಆಗೈತಂತೆ" ಎಂದು ನನ್ನನ್ನು ಹೊಗಳಿದರೆ, "ಅವಳಿಗೆ ಒಂದೇ ಸಲ. ನಮ್ಮ ಚಂದ್ರಿಗೆ ದಿನಾ ಬರ್ತೈತೆ" ಎನ್ನುತ್ತಿದ್ದಳು. ನಾನು ಊರಲ್ಲಿ ಎಮ್ಮೆಯ ನಂತರದ ಸ್ಥಾನಕ್ಕೆ ಹೊಂದಿಕೊಂಡೆ.

ಹೀಗೆ ಒಂದು ವರ್ಷ ನಡೆಯಿತು. ದಿನವೂ ನಮ್ಮ ಅಣ್ಣ ಸೈಕಲ್ಲಿನ ಹಿಂದೆ ಕ್ಯಾನು ಕಟ್ಟಿಕೊಂಡು ಹಳ್ಳ ದಾಟಿ ಹೋಗುವುದು, ಸಾಲಿನಲ್ಲಿ ಇಟ್ಟು ಬರುವುದು. ಆಮೇಲೆ ಒಂದು ಬೆಳಗ್ಗೆ ಚಂದ್ರಿ ಹುಲ್ಲು ಮುಟ್ಟಲಿಲ್ಲ. ಬಾಯಿಯಿಂದ ನೂಲಿನ ಹಾಗೆ ಜೊಲ್ಲು ಇಳಿಯುತ್ತಿತ್ತು. ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಅತ್ತೆ ಬಾಯಿ ಬಿಡಿಸಿ ನೋಡಿ ಅಲ್ಲೇ ಕುಸಿದು ಕೂತಳು. ಕಾಲುಬಾಯಿ ಜ್ವರ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂರು ಮನೆಯ ಕೊಟ್ಟಿಗೆಗೆ ಬಂದಿತ್ತು.

ನಾನು ಚಿಕ್ಕವಳಿದ್ದಾಗ ಒಮ್ಮೆ ಇದು ಬಂದಿತ್ತು. ಆಗ ಅಪ್ಪ ಎರಡು ಸಲ ಬಸ್ಸು ಹತ್ತಿ ದನದ ಡಾಕ್ಟರನ್ನು ಕರೆಯಲು ಹೋಗಿದ್ದರು. ಡಾಕ್ಟರು ಕೆಟ್ಟವರೇನಲ್ಲ. ಲಸಿಕೆಯ ಬಾಟಲಿ ಒಮ್ಮೆ ಚುಚ್ಚಿದರೆ ಇಷ್ಟು ದನಕ್ಕೆ ಎಂದು ಲೆಕ್ಕ, ಉಳಿದದ್ದು ಹಾಳು, ಅಷ್ಟು ಸಣ್ಣ ಊರಿಗಾಗಿ ಐಸಿನ ಪೆಟ್ಟಿಗೆ ಹೊರಡಿಸಲು ಆಗುವುದಿಲ್ಲ ಎಂದರಂತೆ. ಆ ಸಲ ನಮ್ಮೂರಲ್ಲಿ ಉಳಿದ ದನ ಬೆರಳಲ್ಲಿ ಎಣಿಸುವಷ್ಟು. ಅದೆಲ್ಲ ನೋಡಿದ್ದ ಅತ್ತೆಗೆ ಈಗ ಎರಡು ಭಯ. ಚಂದ್ರಿ ಉಳಿಯುತ್ತದೋ ಇಲ್ಲವೋ ಎಂಬುದು ಒಂದು. ಜ್ವರ ಇಳಿಯಲು ಮೂರು ವಾರ ಬೇಕು, ಕ್ಯಾನಿನ ಜಾಗಕ್ಕೆ ಇರುವುದು ಮೂರೇ ದಿನ, ಜಾಗ ಹೋದರೆ ಮತ್ತೆ ಒಂಬತ್ತು ಮನೆಯನ್ನು ಕೇಳುವವರಾರು ಎಂಬುದು ಇನ್ನೊಂದು.

"ನನ್ನ ಎಮ್ಮೆಗೆ ಇನ್ನೂ ಬಂದಿಲ್ಲ, ಅಷ್ಟೇ ಹಾಲು ಕಳಿಸಾಣ, ಜಾಗ ಉಳೀಲಿ" ಎಂದು ಊರಿನ ಒಬ್ಬರು ಸೂಚಿಸಿದರು. ಅತ್ತೆ ಕಣ್ಣು ದೊಡ್ಡದು ಮಾಡಿದಳು. "ರೋಗದ ಊರಿಂದ ಹಾಲು ಕಳ್ಸಿ, ಕಂಡೋರ ಮಕ್ಳ ಬಾಯಿಗೆ ಹಾಕ್ತೀಯೇನೋ? ಜಾಗ ಹೋದ್ರೆ ಹೋಗ್ಲಿ." ಆದರೆ ದೊಡ್ಡೂರಿಗೆ ವಿಷಯ ತಿಳಿಸಲೂ ಬಿಡಲಿಲ್ಲ. ತಿಳಿದರೆ ನಮ್ಮ ಊರನ್ನೇ ಮುಟ್ಟಿಸಿಕೊಳ್ಳುವುದಿಲ್ಲ, ಕ್ಯಾನು ಕಿತ್ತು ಎಸೆಯುತ್ತಾರೆ, ಯಾರೂ ತುಟಿ ಬಿಚ್ಚಕೂಡದು ಎಂದಳು. ಮಾನದ ಪ್ರಶ್ನೆ ನೋಡಿ. ಸಣ್ಣವರ ಮಾನ ಯಾವಾಗಲೂ ಬಾಯಿ ಮುಚ್ಚಿಸುವ ಕಡೆಗೇ ಇರುತ್ತದೆ.

ಮೊದಲ ದಿನ ಕ್ಯಾನು ಹೋಗಲಿಲ್ಲ. ಎರಡನೆಯ ದಿನವೂ ಇಲ್ಲ. ಎರಡನೆಯ ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹಳ್ಳದ ಆಚೆ ದಡದಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ಬಸವರಾಜಪ್ಪನವರು. ಅತ್ತೆ ಓಡಿಹೋಗಿ ಈಚೆ ದಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು, ಹಿಂದೆ ನಾನು.

"ಗೌರಕ್ಕಾ! ಕ್ಯಾನ್ ಯಾಕ್ ಬರ್ಲಿಲ್ಲಾ?"

"ಎಮ್ಮೆ ಗಬ್ಬ ಆಗ್ಯಾವೆ! ಹಾಲು ಬತ್ತೈತೆ!" ಅತ್ತೆ ಕೂಗಿದಳು.

ಬಸವರಾಜಪ್ಪನವರು ಬೆರಳು ಮಡಚಿ ಎಣಿಸಿದರು. "ಒಂಬತ್ತು ಮನೆ ಎಮ್ಮೆನೂ ಒಂದೇ ದಿನಾನಾ ಅಕ್ಕಾ?"

ನನಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಸೆರಗು ತುರುಕಿಕೊಂಡೆ. ಬಸವರಾಜಪ್ಪನವರು ಸೈಕಲ್ ಒರಗಿಸಿ ನೀರಿಗೆ ಇಳಿಯಲು ಪಂಚೆ ಎತ್ತಿದರು. ಆಗ ಅತ್ತೆ ಎರಡೂ ಕೈ ಮುಂದೆ ಚಾಚಿ ಕಿರುಚಿದಳು. "ಬರಬ್ಯಾಡ್ರೀ! ದಾಟಬ್ಯಾಡ್ರೀ! ಕಾಲುಬಾಯ್ ಜ್ವರ ಬಂದೈತೆ. ನಿಮ್ಮೂರ ದನಕ್ಕೂ ಹತ್ತೀತು. ಅಲ್ಲೇ ನಿಲ್ರೀ!" ಹೇಳಿದವಳೇ ಕೂತು ಅತ್ತಳು. ಮುಚ್ಚಿಟ್ಟಿದ್ದನ್ನು ಕೊನೆಗೂ ಬಿಚ್ಚಿಸಿದ್ದು ಆಚೆ ದಡದವರ ದನದ ಮೇಲಿನ ಕಾಳಜಿಯೇ. ಅದನ್ನು ನಾನು ಎಷ್ಟೋ ವರ್ಷದ ಮೇಲೆ ಯೋಚಿಸಿದೆ. ಆವತ್ತು ನನಗೆ ಕಂಡದ್ದು ಸೈಕಲ್ಲು ತಿರುಗಿಸಿಕೊಂಡು ಬೇಗ ಬೇಗ ಹೊರಟ ಬಸವರಾಜಪ್ಪನವರ ಬೆನ್ನು ಮಾತ್ರ. "ಹೋತು. ಎಲ್ಲಾ ಹೋತು" ಎಂದಳು ಅತ್ತೆ.

ಮಾರನೆಯ ದಿನ ಹಳ್ಳದ ಆಚೆ ಜೀಪು ನಿಂತಿತು. ಜೀಪಿನಿಂದ ಡಾಕ್ಟರು ಇಳಿದರು, ಐಸಿನ ಪೆಟ್ಟಿಗೆ ಇಳಿಯಿತು. ನಾಲ್ಕೂ ಊರಿನ ಸಂಘ ಒಟ್ಟಾಗಿ ಕೇಳಿದ್ದರಿಂದ ಒಕ್ಕೂಟ ಕಳಿಸಿತ್ತು. ಈಗ ಲೆಕ್ಕ ನಮ್ಮೂರಿನ ದನದ್ದಲ್ಲ, ನಾಲ್ಕೂ ಊರಿನದು. ಮೊದಲು ದೊಡ್ಡೂರಿನ ದನಗಳಿಗೆಲ್ಲ ಲಸಿಕೆ ಹಾಕಿ, ಆಮೇಲೆ ಉಳಿದೆರಡು ಊರು ಮುಗಿಸಿ, ಕೊನೆಗೆ ನಮ್ಮ ಹಳ್ಳಕ್ಕೆ ಬಂದಿದ್ದರು. ಡಾಕ್ಟರು ಚಂದ್ರಿಯ ಬಾಯಿ ತೊಳೆದು ಔಷಧ ಸವರಿದರು, ಗೊರಸು ತೊಳೆಯುವುದನ್ನು ಹೇಳಿಕೊಟ್ಟರು. ಅವರ ಜೊತೆ ಬಂದಿದ್ದ ಬಸವರಾಜಪ್ಪನವರ ಮುಂದೆ ಅತ್ತೆ ಕೈಮುಗಿದಳು.

ಬಸವರಾಜಪ್ಪನವರು ಆ ಕೈಗಳನ್ನು ನೋಡಿ ಇರಿಸುಮುರಿಸುಗೊಂಡರು. "ಕೈ ಮುಗೀಬ್ಯಾಡ್ರೀ ಅಕ್ಕ. ನಿಮ್ ಮ್ಯಾಲಿನ ಪ್ರೀತಿಗೇ ಬಂದ್ವಿ ಅಂತ ತಿಳ್ಕಬ್ಯಾಡ್ರಿ. ನಿಮ್ಮೂರ ಜ್ವರ ಇವತ್ತಲ್ಲ ನಾಳೆ ನಡ್ಕೊಂಡು ನಮ್ಮೂರಿಗೆ ಬರ್ತೈತೆ. ನಮ್ ದನ ಉಳೀಬೇಕು ಅಂದ್ರೆ ನಿಮ್ ದನ ಉಳೀಬೇಕು." ಇಷ್ಟು ಪ್ರಾಮಾಣಿಕವಾದ ಮಾತನ್ನು ಯಾವ ಪಾಠಪುಸ್ತಕದಲ್ಲೂ ನಾನು ಓದಿಲ್ಲ. ಅತ್ತೆಗೂ ಅದು ಹಿಡಿಸಿತು. ಉಪಕಾರ ಎಂದಿದ್ದರೆ ಅವಳು ಸೋಲುತ್ತಿದ್ದಳು.

ಇಪ್ಪತ್ತು ಚಿಲ್ಲರೆ ದಿನ ಊರಿಗೆ ಊರೇ ಗಂಜಿ ಕಾಯಿಸಿ ಎಮ್ಮೆಗಳಿಗೆ ಕುಡಿಸಿತು. ಅತ್ತೆ ಚಂದ್ರಿಯ ನಾಲಿಗೆಗೆ ಜೇನು ಸವರಿ ಸವರಿ, "ನುಂಗೇ ನಮ್ಮವ್ವ" ಎಂದು ಗೋಗರೆಯುತ್ತಿದ್ದಳು. ಎರಡು ಮನೆಯ ಕರುಗಳು ಉಳಿಯಲಿಲ್ಲ, ಅದರಲ್ಲಿ ಒಂದು ಚಂದ್ರಿಯದು. ದೊಡ್ಡವು ಎಲ್ಲ ಉಳಿದವು. ಆದರೆ ಕ್ಯಾನಿನ ಮಾತು ಯಾರೂ ಎತ್ತಲಿಲ್ಲ. ಮೂರು ದಿನದ ಕಾನೂನು ಎಲ್ಲರಿಗೂ ಗೊತ್ತಿತ್ತು, ಅದನ್ನು ಒಪ್ಪಿದವಳು ಅತ್ತೆಯೇ. "ಕೊನೇಗೆ ಇಟ್ರೆ ಇಡ್ಲಿ. ಮೊದಲಿಂದ ಶುರುಮಾಡದು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಡಾಕ್ಟರು ಇನ್ನು ಹಾಲು ಕಳಿಸಬಹುದು ಎಂದ ಮೇಲೆ, ಮೊದಲ ದಿನ ಅತ್ತೆ ಅಣ್ಣನ ಸೈಕಲ್ಲಿನ ಹಿಂದೆ ತಾನೂ ನಡೆದು ಹೊರಟಳು. ಕೊನೆಯ ಜಾಗದಲ್ಲಿ ಕ್ಯಾನು ಇಡುವ ಅವಮಾನ ಅಣ್ಣನೊಬ್ಬನಿಗೇ ಆಗುವುದು ಬೇಡ ಎಂದು. ನಾನೂ ಹೋದೆ. ಡೈರಿಯ ಕಟ್ಟೆಯ ಮೇಲೆ ಕ್ಯಾನುಗಳು ಸಾಲಾಗಿ ನಿಂತಿದ್ದವು. ಒಂದು, ಎರಡು. ಮೂರನೆಯ ಜಾಗದಲ್ಲಿ ಒಂದು ಕಲ್ಲು. ಆಮೇಲೆ ನಾಲ್ಕು, ಐದು...

ನಮ್ಮ ಹಳ್ಳದಲ್ಲಿ ಸಿಗುವಂಥ ಕರೀ ಕಲ್ಲು, ತಳ ಚಪ್ಪಟೆ, ಎರಡು ಕೈಯಲ್ಲಿ ಎತ್ತುವಷ್ಟು. ಅದರ ನೆತ್ತಿಯ ಮೇಲೆ ಯಾರೋ ನೀಲಿ ಬಣ್ಣದಲ್ಲಿ ಒಂದೇ ಒಂದು ಅಕ್ಷರ ಬರೆದಿದ್ದರು. 'ನೇ'. ಸಂತೆಯಲ್ಲಿ, ಸೀಮೆಎಣ್ಣೆಯ ಸಾಲಿನಲ್ಲಿ, ಜಾಗ ಹಿಡಿಯಲು ಕಲ್ಲಿಡುವುದು ನಮ್ಮಲ್ಲಿ ಎಲ್ಲರಿಗೂ ರೂಢಿ. ಆದರೆ ಅದು ತನ್ನ ಜಾಗಕ್ಕೆ ತಾನು ಇಡುವ ಕಲ್ಲು. ಬಾರದವರ ಜಾಗಕ್ಕೆ ಇನ್ನೊಬ್ಬರು ಇಟ್ಟ ಕಲ್ಲನ್ನು ನಾನು ಕಂಡದ್ದು ಅದೊಂದೇ ಸಲ. ಅಷ್ಟು ದಿನವೂ ವ್ಯಾನು ಬಂದಿತ್ತು, ಹೋಗಿತ್ತು, ಕ್ಯಾನುಗಳು ಎದ್ದಿದ್ದವು, ಕೂತಿದ್ದವು. ಕಲ್ಲನ್ನು ಯಾರೂ ಸರಿಸಿರಲಿಲ್ಲ.

ಅತ್ತೆ ಕಲ್ಲಿನ ಹತ್ತಿರ ಹೋಗಿ ಬಗ್ಗಿದಳು. "ಇದ್ಯಾರು ಇಟ್ಟದ್ದು?" ಎಂದು ಕೇಳಿದಳು. ಕಟ್ಟೆಯ ಮೇಲಿದ್ದವರು ತಮ್ಮ ತಮ್ಮ ಕ್ಯಾನಿನ ಮುಚ್ಚಳ ಒರೆಸತೊಡಗಿದರು. ಬಸವರಾಜಪ್ಪನವರು ಗಾಜಿನ ಕೊಳವೆ ತೊಳೆಯುತ್ತ, "ಯಾರೋ ಇಟ್ಟಾರೆ. ಕಾನೂನಿನ ಪ್ರಕಾರ ನಂಗೇನೂ ಗೊತ್ತಿಲ್ಲ. ಕಲ್ಲು ತೆಗ್ದು ಕ್ಯಾನ್ ಇಡ್ರಿ, ವ್ಯಾನ್ ಬಂತು" ಎಂದರು. ಅತ್ತೆ ಕಲ್ಲು ಎತ್ತಿದಳು. ಅಣ್ಣ ಕ್ಯಾನು ಇಟ್ಟ. ಅತ್ತೆ ಕಲ್ಲನ್ನು ಕೆಳಗೆ ಹಾಕಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೆ ಇಟ್ಟುಕೊಂಡು, ಆ ಮೈಲಿ ದಾರಿಯನ್ನು ಅಳುತ್ತ ನಡೆದಳು. ನಾನೂ ಅಳುತ್ತಲೇ ನಡೆದೆ. ನಾಚಿಕೆಯೇನು?

ಆಮೇಲೆ ನನ್ನ ಮದುವೆಯಾಗಿ ಶಿಕಾರಿಪುರಕ್ಕೆ ಬರುವಾಗ ಅತ್ತೆ ಕೊಟ್ಟ ಉಡುಗೊರೆ ಇದೇ ಕಲ್ಲು. ಬೀಗರು ಬೆಳ್ಳಿ ಸಾಮಾನು ಇರಬಹುದೆಂದು ಗಂಟು ಬಿಚ್ಚಿ ನೋಡಿ ಮುಖ ಮುಖ ನೋಡಿಕೊಂಡರು. "ದೊಡ್ಡ ಮನೆಗೆ ಸೇರ್ತೀಯ. ಸೇರು. ಕರಗಬ್ಯಾಡ. ನಿನ್ನ ಜಾಗ ಇಲ್ಲೂ ಐತೆ" ಎಂದಿದ್ದಳು ನನ್ನ ಕಿವಿಯಲ್ಲಿ. ಆ ಮೇಲೆ ಚಂದ್ರಿ ಹೋಯಿತು, ಅತ್ತೆಯೂ ಹೋದಳು. ಡೈರಿಗೆ ಹಾಲು ತಂಪು ಮಾಡುವ ಯಂತ್ರ ಬಂದು ಕ್ಯಾನಿನ ಸಾಲೇ ಇಲ್ಲವಾಯಿತು. ಉಳಿದದ್ದು ಬಾಗಿಲಿಗೆ ಒತ್ತಿಟ್ಟ ಕಲ್ಲು. ಅದನ್ನೂ ನಾನು ಟೈಲ್ಸಿನ ಆಸೆಗೆ ನಲ್ಲಿಯ ಬುಡಕ್ಕೆ ಹಾಕಿದ್ದೆ.

ಇಷ್ಟನ್ನೂ ಆಫ್ರೀನಳಿಗೆ ಹೇಳಿ ಮುಗಿಸುವ ಹೊತ್ತಿಗೆ ನಾಲ್ಕು ಗಂಟೆ. ಪೇಪರು ಮಡಚಿ ಯಾವ ಕಾಲವಾಗಿತ್ತೋ, ನಮ್ಮ ಮನೆಯವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೂ ಈ ಕಥೆ ಪೂರ್ತಿ ಹೇಳಿರಲಿಲ್ಲ ನಾನು. 'ಅತ್ತೆ ಕೊಟ್ಟ ಕಲ್ಲು' ಎಂದಷ್ಟೇ ಅವರಿಗೆ ಗೊತ್ತು. ಮೂವತ್ತು ವರ್ಷದ ಪಾಠದಲ್ಲಿ ಯಾವ ತರಗತಿಗೂ ಹೇಳಿರಲಿಲ್ಲ. ಸಿಲೆಬಸ್ಸಿನಲ್ಲಿ ಇರಲಿಲ್ಲ ನೋಡಿ.

"ಮೇಡಂ, ಹಂಗಾದ್ರೆ ಏನ್ ಬರೀಲಿ?" ಎಂದಳು ಹುಡುಗಿ.

"ಸಣ್ಣೋರು ಒಂದಿನ ಬರ್ಲಿಲ್ಲ ಅಂದ್ರೆ 'ಯಾಕ್ ಬರ್ಲಿಲ್ಲ' ಅಂತ ಕೇಳೋರು ಇರ್ತಾರೆ. ಅವರ ಜಾಗ ಹಂಗೇ ಇರ್ತೈತೆ. ಅಷ್ಟು ಬರಿ. ಮಾರುಕಟ್ಟೆ ಗೀರುಕಟ್ಟೆ ಎಲ್ಲ ಆಮೇಲಿಂದು."

ಬರೆದಳೋ ನೋಡೋಣ ಎಂದು ನೋಟ್‌ಬುಕ್ಕು ಎಳೆದುಕೊಂಡೆ. ದುಂಡಗಿನ ಅಕ್ಷರ. ಮೊದಲ ಸಾಲು ಓದಿ ನನ್ನ ಕಿವಿ ಬಿಸಿಯಾಯಿತು. 'ಸಣ್ಣ ದೇಶವು ದೊಡ್ಡ ಒಕ್ಕೂಟದಲ್ಲಿ ವಿಲೀನವಾಗುವುದರಿಂದ...' ಹೇಳಿ ಬರೆಸಿದವಳು ನಾನೇ. ಆವತ್ತು ಅಷ್ಟು ಜನರ ಮುಂದೆ ಅತ್ತು ಕಲಿತ ಪಾಠ, ಬಾಯಿ ತೆರೆದರೆ ಮತ್ತೆ ಅದೇ ತಪ್ಪು! ಓದಿದ ಬಾಯಿಗೆ ಎಂಥ ಚಟ ನೋಡಿ.

"ಹೊಡಿ ಅದನ್ನ" ಎಂದೆ.

ಹುಡುಗಿ ಮೆಲ್ಲಗೆ ಒಂದು ಗೆರೆ ಎಳೆದಳು.

"ಹಂಗಲ್ಲ" ಎಂದು ಪೆನ್ನು ಕಿತ್ತುಕೊಂಡು ಹಾಳೆ ಹರಿಯುವ ಹಾಗೆ ಗೀಚಿದೆ. ಆಫ್ರೀನ್ ಕಿಲಕಿಲ ನಕ್ಕಳು. ಗೀಚಿದ ಮೇಲೆ 'ಸೇರುವುದರಿಂದ' ಎಂದು ನಾನೇ ಬರೆದೆ.

ಅವಳು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲು ಮತ್ತೊಮ್ಮೆ ಬಡಿಯಿತು. "ಇರಿ ಮೇಡಂ" ಎಂದವಳೇ ಹಿತ್ತಲಿಗೆ ಓಡಿದಳು. ಎರಡು ಕೈಯಲ್ಲಿ ಕಲ್ಲು ಎತ್ತಿಕೊಂಡು, ನೆತ್ತಿಯ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಬಂದಳು. "ಮೇಡಂ, 'ನೇ' ಇನ್ನೂ ಐತ್ರೀ! ಇದರ ಜಾಗ ಎಲ್ಲಿ, ಇಲ್ಲೇ ಅಲ್ವಾ?"

"ಏ, ತಡಿ ತಡಿ" ಎಂದು ನಮ್ಮ ಮನೆಯವರು ಎದ್ದರು. ಟೈಲ್ಸಿಗೆ ಗೀರು ಬೀಳುತ್ತದೆ ಎಂದು ಈಗ ಶುರುಮಾಡುತ್ತಾರೆ ಎಂದುಕೊಂಡೆ. ಅವರು ಅಡುಗೆಮನೆಗೆ ಹೋಗಿ ಅಕ್ಕಿ ಚೀಲದ ಒಂದು ತುಂಡು ಗೋಣಿ ಹುಡುಕಿ ತಂದರು. ಬಗ್ಗಿ, ಮೊಣಕಾಲೂರಿ, ಬಾಗಿಲ ಬುಡದಲ್ಲಿ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. "ಈಗ ಇಡವ್ವ" ಎಂದರು. ಹುಡುಗಿ ಇಟ್ಟಳು.

ಆ ಸಂಜೆಯೆಲ್ಲ ಗಾಳಿ ಬೀಸಿತು. ಬಾಗಿಲು ಬಡಿಯಲಿಲ್ಲ.